ಅಳಿಸಬೇಕಾದ ಒಂದು ಸಾಲು

ಫೋನನ್ನು ಸ್ಪೀಕರಿನಲ್ಲಿಟ್ಟೇ ಮಾತನಾಡುವುದು ಮುರುಗೆಪ್ಪನ ಅಭ್ಯಾಸ. ಹಾಗಾಗಿ ಬಾಡಿಗೆ ಮನೆಯ ಏಜೆಂಟ್ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ, ಅಡುಗೆಮನೆಯಲ್ಲಿ ಗಾಜಿನ ಮುಚ್ಚಳಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಡುತ್ತಿದ್ದ ಅವನ ಹೆಂಡತಿ ವಾಣಿಶ್ರೀಗೂ ಕೇಳಿಸಿತು.

"ನಿಮ್ಮ ಸಂಬಳದ ಬಗ್ಗೆ ತಕರಾರಿಲ್ಲ. ಆದರೆ ನಿಮ್ಮ ಹೆಂಡತಿಯ ಹೆಸರಿನಲ್ಲಿ ಒಂದು ಹಳೆಯ ಬಾಕಿ ಇದೆ. ಮಾನಸಿಕ ಚಿಕಿತ್ಸೆ, ಆರನೇ ಭೇಟಿ ಅಂತ, ಮನೆ ಕೊಡುವ ಮೊದಲು ನಾವು ತರಿಸುವ ವರದಿಯಲ್ಲಿ ಬರೆದಿದೆ. ಮನೆ ಕೊಡಲು ಮಾಲೀಕರು ಒಪ್ಪುತ್ತಿಲ್ಲ."

ಈಗಿರುವ ಬಾಡಿಗೆ ಮನೆ ಮಾರಾಟವಾಗಿತ್ತು. ಇನ್ನು ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಮುರುಗೆಪ್ಪ ಫೋನಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಹೆಸರು ಅದಲುಬದಲ ಆಗೇತಿ ನೋಡು. ಬ್ಯಾರೆ ಯಾರದೋ ಬಾಕಿ ನಿನ್ನ ಹೆಸರಿಗೆ ಹಾಕ್ಯಾರ."

ಹೌದೆಂದು ತಲೆಯಾಡಿಸಿದ್ದರೆ ಅವನು ನಂಬಿಬಿಡುತ್ತಿದ್ದ. ವಾಣಿಶ್ರೀ ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟಳು.

"ಅಲ್ಲರಿ. ಅದು ನಂದ ಐತಿ."

"ನಿಂದಾ? ಯಾವಾಗ?"

"ನಾವು ಇಲ್ಲಿಗೆ ಬಂದ ಎರಡನೇ ವರ್ಷ."

ಮುರುಗೆಪ್ಪನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತೇನೋ ಎಂದು ಅವಳಿಗೆ ಆಮೇಲೆ ಅನ್ನಿಸಿತು. "ಆ ಏಜೆಂಟ್ ಹೇಳಿದ ಮ್ಯಾಲೆ ನನಗ ಗೊತ್ತಾಗಬೇಕಾತು," ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡು ಆಫೀಸಿಗೆ ಹೋದ.

ವಾಣಿಶ್ರೀ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವಳು. ಅರವತ್ತು ಮಕ್ಕಳ ಕ್ಲಾಸನ್ನು ದನಿ ಎತ್ತದೆ ಸುಮ್ಮನಾಗಿಸುತ್ತಿದ್ದಳು. ನೀರೆತ್ತುವ ದೊಡ್ಡ ಪಂಪುಗಳ ಎಂಜಿನಿಯರಾದ ಮುರುಗೆಪ್ಪನಿಗೆ ನೆದರ್ಲೆಂಡ್ಸಿನಲ್ಲಿ ಕೆಲಸ ಸಿಕ್ಕಾಗ ಮಗಳು ಸಮೀಕ್ಷಾಳೊಂದಿಗೆ ಮೂವರೂ ಹೇಗ್ ನಗರಕ್ಕೆ ಬಂದರು. ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. ಎರಡನೇ ವರ್ಷದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವಳು ಟ್ರಾಮ್ ಹತ್ತಿದಳು. ಬಾಗಿಲು ಮುಚ್ಚಿಕೊಂಡಿತು. ಇದ್ದಕ್ಕಿದ್ದಂತೆ ಬೆರಳುಗಳು ಜೋಮು ಹಿಡಿದವು, ಎದೆ ಬಿಗಿಯಿತು, ಇಲ್ಲೇ ಸತ್ತುಹೋಗುತ್ತೇನೆ ಎನ್ನಿಸಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಅಂಗಡಿಗಳ ಗೋಡೆ ಹಿಡಿದುಕೊಂಡು ಮನೆಗೆ ನಡೆದಳು. ಅಂದಿನಿಂದ ಟ್ರಾಮ್ ಹತ್ತಲಿಲ್ಲ. ಮೆಲ್ಲಗೆ ಅಂಗಡಿಗೆ ಹೋಗುವುದೂ ನಿಂತಿತು. ಥಂಡಿ ತನಗೆ ಆಗಿಬರುವುದಿಲ್ಲ ಎಂದು ಹೇಳಿ ಮಗಳನ್ನು ಕಾಯಿಪಲ್ಲೆಗೆ ಕಳಿಸುತ್ತಿದ್ದಳು. ಹೆಂಡತಿಗೆ ಮನೆಯಲ್ಲಿರುವುದೇ ಇಷ್ಟ ಎಂದುಕೊಂಡ ಮುರುಗೆಪ್ಪ.

ಹೇಳಬಹುದಿತ್ತು. ಆದರೆ ತವರಿನಲ್ಲಿ ಅವಳ ಚಿಕ್ಕಮ್ಮನೊಬ್ಬಳನ್ನು "ತಲಿ ಸರಿ ಇಲ್ಲ" ಎಂದು ಕೊನೆಯವರೆಗೂ ಕರೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಚಿಕ್ಕಮ್ಮ ಮಾಡಿದ ಚಹಾ ಕೂಡ ಜನ ಅನುಮಾನದಿಂದ ಕುಡಿಯುತ್ತಿದ್ದರು.

ಕೊನೆಗೆ, ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಒಬ್ಬ ಮನೋವೈದ್ಯೆಯ ಸಣ್ಣ ಕ್ಲಿನಿಕ್ ಹುಡುಕಿಕೊಂಡಳು. ಫ್ಯಾಮಿಲಿ ಡಾಕ್ಟರಿಂದ ಚೀಟಿ ತಂದಿದ್ದರೆ ಇನ್ಶೂರೆನ್ಸ್ ಹಣ ಕೊಡುತ್ತಿತ್ತು. ಆದರೆ ಅದರ ಕಾಗದಗಳೆಲ್ಲ ಗಂಡನ ಇಮೇಲಿಗೆ ಬರುತ್ತಿದ್ದವು. ಹಾಗಾಗಿ ತನ್ನ ಉಳಿತಾಯದಲ್ಲೇ ಕೊಟ್ಟಳು. ಮನೆಯಲ್ಲಿ ಡಚ್ ಕ್ಲಾಸು ಎಂದಳು. ಮೊದಲ ವಾರ ವೈದ್ಯೆ ಅವಳನ್ನು ಟ್ರಾಮ್ ಸ್ಟಾಪಿನಲ್ಲಿ ಸುಮ್ಮನೆ ನಿಲ್ಲಿಸಿದಳು. ನಾಲ್ಕು ಟ್ರಾಮು ಬಂದವು, ಹೋದವು. ಎರಡನೇ ವಾರ ಒಂದು ಸ್ಟಾಪು. ಹೀಗೆ ಹೆಚ್ಚುತ್ತ ಆರನೇ ವಾರ ವಾಣಿಶ್ರೀ ಒಬ್ಬಳೇ ಕಡಲತೀರದವರೆಗೆ ಹೋಗಿ, ಗಾಳಿಗೆ ಹಾರುವ ಸೆರಗಿನ ಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಬಿಸಿ ಆಲೂಗಡ್ಡೆ ಫ್ರೈಸ್ ತಿಂದು ವಾಪಸ್ಸು ಬಂದಿದ್ದಳು.

ಅದಾದ ವಾರದಲ್ಲೇ ಅವರು ಮನೆ ಬದಲಿಸಿ ಈಗಿರುವ ಮನೆಗೆ ಬಂದರು. ಆರನೇ ಭೇಟಿಯ ಬಿಲ್ಲು ಹಳೆಯ ವಿಳಾಸಕ್ಕೆ ಹೋಯಿತು, ಅಲ್ಲಿಂದ ಬಾಕಿ ವಸೂಲಿಯವರ ಕೈಗೆ, ಅವರಿಂದ, ಯಾರು ಹಣ ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ ಎಂದು ವರದಿ ಮಾರುವ ಒಂದು ಸಂಸ್ಥೆಗೆ. ಇದ್ಯಾವುದೂ ಅವಳಿಗೆ ಗೊತ್ತೇ ಇರಲಿಲ್ಲ.

ಏಜೆಂಟಿನ ಫೋನು ಬಂದ ದಿನವೇ ಅವಳು ಬಾಕಿ ಕಟ್ಟಿದಳು. ಆದರೂ ದಾಖಲೆ ವರ್ಷಗಟ್ಟಲೆ ಉಳಿಯುತ್ತದೆ ಎಂದು ಆ ಸಂಸ್ಥೆಯಿಂದ ಉತ್ತರ ಬಂತು. ಡಚ್ ಪತ್ರಗಳನ್ನು ಮನೆಯಲ್ಲಿ ಓದಿ ಹೇಳುತ್ತಿದ್ದದ್ದು ಸಮೀಕ್ಷಾ. ಇದನ್ನು ಹನ್ನೆರಡು ವರ್ಷದ ಮಗಳ ಮುಂದೆ ಹಿಡಿಯುವುದು ಹೇಗೆ? ವಾಣಿಶ್ರೀ ಪತ್ರವನ್ನು ಚೀಲದಲ್ಲಿಟ್ಟುಕೊಂಡು ನಗರದ ಲೈಬ್ರರಿಗೆ ಹೋದಳು. ಅಲ್ಲಿ ವಾರಕ್ಕೆರಡು ದಿನ, ಸರ್ಕಾರಿ ಪತ್ರ ಅರ್ಥವಾಗದವರಿಗೆ ಪುಕ್ಕಟೆಯಾಗಿ ಸಹಾಯ ಮಾಡಲು ಮರೈಕೆ ಎಂಬ ಎಪ್ಪತ್ತು ದಾಟಿದ ಹೆಂಗಸು ಕೂರುತ್ತಿದ್ದಳು.

ಮರೈಕೆ ಪತ್ರ ಓದುತ್ತ ಹೋಗಿ, ಒಂದು ಕಡೆ ನಿಂತಳು. ಪಕ್ಕದಲ್ಲಿದ್ದ ಚೀಟಿಯೊಂದನ್ನು ತೆಗೆದು, ಚಿಕಿತ್ಸೆಯ ವಿವರವಿದ್ದ ಸಾಲಿನ ಮೇಲೆ ಅಡ್ಡ ಇಟ್ಟಳು.

"ಇದು ಯಾವ ಚಿಕಿತ್ಸೆ ಎಂದು ನೀವು ನನಗೆ ಹೇಳಬೇಕಿಲ್ಲ," ಎಂದಳು ನಿಧಾನವಾದ ಇಂಗ್ಲಿಷಿನಲ್ಲಿ. "ಬಾಕಿ ವಸೂಲಿಯವರಿಗೂ ಗೊತ್ತಾಗಬೇಕಿರಲಿಲ್ಲ. ಎಷ್ಟು ಹಣ ಎಂದು ತಿಳಿದರೆ ಅವರಿಗೆ ಸಾಕು."

ವಾಣಿಶ್ರೀಗೆ ತಟ್ಟನೆ ಕಣ್ಣು ತುಂಬಿತು. ಮರೈಕೆ ಕಿಟಕಿಯ ಕಡೆ ನೋಡುತ್ತ, ಅವಳು ಸುಧಾರಿಸಿಕೊಳ್ಳುವವರೆಗೆ ಕಾದಳು. ಆಮೇಲೆ ವಿವರಿಸಿದಳು: ಬಾಕಿ ನಿಜವಾಗಿದ್ದರೆ ಅಳಿಸಲೇಬೇಕು ಎಂದು ಹಠ ಹಿಡಿಯಲಾಗದು. ಆದರೆ ಆರೋಗ್ಯದ ಮಾಹಿತಿಗೆ ಇಲ್ಲಿನ ಕಾನೂನು ವಿಶೇಷ ರಕ್ಷಣೆ ಕೊಟ್ಟಿದೆ. ಯಾವ ಹಕ್ಕಿನಿಂದ ಇಟ್ಟುಕೊಂಡಿರಿ, ಯಾರಿಂದ ಬಂತು, ಯಾರಿಗೆ ಕೊಟ್ಟಿರಿ, ನನಗೆ ಮೊದಲೇ ತಿಳಿಸಿದ್ದಿರಾ ಎಂದು ಕೇಳಬಹುದು. ಒಂದು ತಿಂಗಳೊಳಗೆ ಅವರು ಉತ್ತರಿಸಲೇಬೇಕು.

ಲೈಬ್ರರಿಯ ಮೇಜಿನಲ್ಲೇ ಕೂತು ವಾಣಿಶ್ರೀ ಮೂರು ಪತ್ರ ಬರೆದಳು. ಕ್ಲಿನಿಕ್ಕಿಗೊಂದು, ವಸೂಲಿಯವರಿಗೊಂದು, ವರದಿ ಮಾರುವವರಿಗೊಂದು. ಪ್ರಮೇಯ ಸಾಧಿಸಿದ ಹಾಗೆ ಒಂದರ ಕೆಳಗೊಂದು ಪ್ರಶ್ನೆ ಇಟ್ಟಳು. ಮರೈಕೆ ಅವನ್ನು ಡಚ್ಚಿಗೆ ತಿರುಗಿಸುತ್ತ, "ನೀವು ಟೀಚರಾ?" ಎಂದು ಕೇಳಿದಳು. "ಹೌದು," ಎಂದಳು ವಾಣಿಶ್ರೀ. ಎಷ್ಟೋ ದಿನದ ಮೇಲೆ ಆ ಪ್ರಶ್ನೆಗೆ "ಆಗಿದ್ದೆ" ಎನ್ನದೆ ಉತ್ತರಿಸಿದ್ದಳು.

ಆ ವಾರವೆಲ್ಲ ಮುರುಗೆಪ್ಪ ಅಗತ್ಯಕ್ಕೆ ಬೇಕಾದಷ್ಟೇ ಮಾತನಾಡಿದ. ಶನಿವಾರ ಅವಳೇ ಹೇಳಿದಳು, "ಬರ್ರಿ, ಸ್ವಲ್ಪ ಹೊರಗ ಹೋಗಿ ಬರೂಣು."

ಟ್ರಾಮಿನಲ್ಲಿ ಅವನನ್ನು ಕಿಟಕಿಯ ಪಕ್ಕ ಕೂರಿಸಿ, ಮೊದಲಿನಿಂದ ಎಲ್ಲ ಹೇಳಿದಳು. ಎಲ್ಲಿ ಬಾಗಿಲು ಮುಚ್ಚಿತು, ಯಾವ ಗೋಡೆ ಹಿಡಿದು ನಡೆದೆ, ಯಾವ ವಾರ ಯಾವ ಸ್ಟಾಪಿನವರೆಗೆ ಬಂದೆ ಎಂದು ತೋರಿಸುತ್ತ ಹೋದಳು. ಚಿಕ್ಕಮ್ಮನ ಮಾತನ್ನೂ ಬಿಡಲಿಲ್ಲ.

"ಮಂಗಳವಾರ ಮಂಗಳವಾರ ಡಚ್ ಕ್ಲಾಸ್ ಹ್ಯಾಂಗಾತು ಅಂತ ಕೇಳ್ತಿದ್ದೆ ನಾ," ಎಂದ ಮುರುಗೆಪ್ಪ ಕೊನೆಗೆ.

"ಚಲೋ ಆತು ಅಂತಿದ್ದೆ."

"ಒಂದು ಮಾತರೆ ಡಚ್ ಮಾತಾಡಿಸಿ ನೋಡಬೇಕಿತ್ತು," ಎಂದು ನಕ್ಕ. ನಗು ಮುಗಿಯುವ ಮೊದಲೇ ಅವನ ದನಿ ಒದ್ದೆಯಾಯಿತು. "ಅಷ್ಟೂ ದಿನ ಒಬ್ಬಾಕಿನ ಅನುಭವಿಸಿದಿ. ನಾ ಅದ ಮನ್ಯಾಗ ಇದ್ದೆ. ನನಗ ಕಾಣಲೇ ಇಲ್ಲ ನೋಡು."

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಇಪ್ಪತ್ತಾರನೇ ದಿನಕ್ಕೆ ಉತ್ತರಗಳು ಬಂದವು. ಬಿಲ್ಲನ್ನು ಇಡಿಯಾಗಿ ವಸೂಲಿಯವರಿಗೆ ಕಳಿಸಿದ್ದು ತಮ್ಮದೇ ತಪ್ಪು ಎಂದು ಕ್ಲಿನಿಕ್ಕು ಕ್ಷಮೆ ಕೇಳಿತ್ತು. ವಸೂಲಿಯವರು ಚಿಕಿತ್ಸೆಯ ವಿವರ ತೆಗೆದುಹಾಕಿರುವುದಾಗಿ ಎರಡು ಸಾಲು ಬರೆದಿದ್ದರು. ದಾಖಲಿಸುವ ಮೊದಲು ಅವಳಿಗೆ ತಿಳಿಸಿದ್ದಕ್ಕೆ ವರದಿ ಮಾರುವ ಸಂಸ್ಥೆಯ ಬಳಿ ಪುರಾವೆ ಇರಲಿಲ್ಲ. ಹಾಗಾಗಿ ಅವರು ಆ ಸಾಲನ್ನಷ್ಟೇ ಅಲ್ಲ, ಇಡೀ ದಾಖಲೆಯನ್ನೇ ಅಳಿಸಿ, ವರದಿ ಪಡೆದಿದ್ದ ಏಜೆಂಟಿಗೂ ತಿಳಿಸಿದ್ದರು. ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಗಿತ್ತು. ಮುಂದಿನ ತಿಂಗಳು, ಹೇಗ್‌ಗೆ ಅಂಟಿಕೊಂಡಿರುವ ರೈಸ್ವೈಕ್ ಎಂಬ ಊರಿನಲ್ಲಿ ಇನ್ನೊಂದು ಸಿಕ್ಕಿತು. ಕೋಣೆಗಳು ಸಣ್ಣವು, ಬಿಸಿಲು ಧಾರಾಳ.

ಹೊಸ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಮುರುಗೆಪ್ಪ ತಟ್ಟೆ ತೊಳೆಯುತ್ತ ನಿಂತಿದ್ದ.

"ವಾಣಿ, ಆ ಡಾಕ್ಟರಮ್ಮ ಗಂಡಸರನ್ನೂ ನೋಡ್ತಾಳೇನ?"

ಅವಳು ತಲೆಯೆತ್ತಿದಳು. ಅವನು ತಿರುಗಲಿಲ್ಲ.

"ಸೋಮವಾರ ಮೀಟಿಂಗಿಗೆ ಮೊದಲ ಗಂಟಲು ಹಿಡದಂಗ ಆಗತೈತಿ. ಒಂದು ವರ್ಷ ಆತು. ಯಾರಿಗೂ ಹೇಳಿಲ್ಲ."

ಎಷ್ಟೋ ಪ್ರಶ್ನೆಗಳು ಅವಳ ನಾಲಗೆಯ ತುದಿಗೆ ಬಂದವು. ಒಂದನ್ನೂ ಕೇಳಲಿಲ್ಲ.

"ನೋಡ್ತಾರ. ಈ ಸಲ ಮೊದಲ ಫ್ಯಾಮಿಲಿ ಡಾಕ್ಟರ್ ಕಡಿಂದ ಚೀಟಿ ತಗೊಳ್ಳೂಣು. ಇನ್ಶೂರೆನ್ಸ್‌ನವರು ಕೊಡ್ತಾರ."

"ನೀ ಜೊತಿಗೆ ಬರ್ತಿಯಲ್ಲ?"

"ಬಾಗಿಲತನಕ ಬರ್ತೀನ್ರಿ," ಎಂದಳು ವಾಣಿಶ್ರೀ, ಅವನು ತೊಳೆದಿಟ್ಟ ತಟ್ಟೆಯನ್ನು ಒರೆಸಿಕೊಳ್ಳುತ್ತ. "ಒಳಗ ನೀವಷ್ಟ ಹೋಗ್ರಿ. ನನಗ ಹೇಳಬೇಕು ಅನಿಸಿದಾಗ ಹೇಳ್ರಿ."