ಅಮ್ಮ ಕೂರುವ ಎದುರಿನ ಸೀಟು

ಅರಂತೋಡಿನಲ್ಲಿ ಪಂಪು, ಪೈಪು ಮಾರುವ ಜಯಪ್ರಕಾಶ ಊರಿನಲ್ಲಿ ಯಾರ ಏಳಿಗೆ ಕಂಡೂ ಕರುಬಿದವನಲ್ಲ. ಎದುರಿಗೇ ಇನ್ನೊಂದು ಪಂಪಿನ ಅಂಗಡಿ ಬಂದಾಗ ಅದರ ಪೂಜೆಗೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಬಂದ ಮನುಷ್ಯ. ಇಂಥವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಡಹುಟ್ಟಿದ ತಮ್ಮನಿಂದ, ಅದೂ ಒಂದು ಸೀಟಿನ ದೆಸೆಯಿಂದ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಬಿದ್ದದ್ದು ಹೌದು.

ತಂಗಿ ಹೇಮಶ್ರೀಯನ್ನು ಕೊಟ್ಟದ್ದು ಮಡಿಕೇರಿಯ ಆಚೆಗೆ. ಪ್ರತಿ ವರ್ಷ ಹುತ್ತರಿ ಹಬ್ಬಕ್ಕೆ ತವರಿನವರು ಅಲ್ಲಿಗೆ ಹೋಗಲೇಬೇಕು. ಚಳಿಗಾಲದ ಬೆಳಗು, ಸಂಪಾಜೆ ದಾಟಿದರೆ ಘಾಟಿಯ ತುಂಬ ಮಂಜು. ಎದುರಿನ ಲಾರಿ ಮೂಗಿನ ತುದಿಗೆ ಬಂದ ಮೇಲೆಯೇ ಕಾಣುವುದು. ಆ ಘಾಟಿಯನ್ನು ಹಳೆಯ ಜೀಪಿನಲ್ಲಿ ಹತ್ತಿಸುವುದು ಜಯಪ್ರಕಾಶನ ಪಾಲಿನ ಕೆಲಸ. ಪಕ್ಕದಲ್ಲಿ, ಎದುರಿನ ಸೀಟಿನಲ್ಲಿ, ಅಮ್ಮ ಸೇವಂತಿ. ಅವರ ಕೈಯಲ್ಲೊಂದು ಬೈರಾಸು, ಮೈ ಒರೆಸುವ ತೆಳು ಬಟ್ಟೆ. ಗಾಜಿಗೆ ಹಬೆ ಕಟ್ಟಿದ ಹಾಗೆ ಅಮ್ಮ ಒರೆಸುವುದು, ಮಗ ಜೀಪು ಬಿಡುವುದು. ಹೆಂಡತಿ ಊರ್ಮಿಳಾ ಬಾಯಿ ಮುಚ್ಚಿಕೊಂಡು ಹಿಂದೆ ಕೂರುತ್ತಿದ್ದಳು. ಅಲ್ಲಿ ಹೋಗಿ ಮುಟ್ಟಿದ ಮೇಲೆ ಅಮ್ಮ ನೆಂಟರ ಎದುರು, “ಜಯಪ್ರಕಾಶ ಬಿಡುದಾದ್ರೆ ನಾನು ಕಣ್ಣು ಮುಚ್ಚಿ ಕೂರ್ತೇನೆ” ಎನ್ನುತ್ತಿದ್ದರು. ಗಾಜು ಒರೆಸುವವರಿಗೆ ಕಣ್ಣು ಮುಚ್ಚಲಿಕ್ಕೆ ಎಲ್ಲಿ ಪುರುಸೊತ್ತು? ಆದರೂ ಆ ಒಂದು ಮಾತು ಕೇಳಿದರೆ ಜಯಪ್ರಕಾಶನಿಗೆ ಮುಂದಿನ ಹುತ್ತರಿಯವರೆಗೆ ಸಾಕಾಗುತ್ತಿತ್ತು.

ಕಳೆದ ವರ್ಷ ಎಲ್ಲ ಕೆಟ್ಟಿತು. ಪುತ್ತೂರಿನಲ್ಲಿ ಕಾಲೇಜು ಮೇಷ್ಟ್ರಾಗಿರುವ ತಮ್ಮ ಚೆನ್ನಕೇಶವ ಬಿಳಿಯ ಸಣ್ಣ ಎಸ್‌ಯುವಿಯೊಂದನ್ನು ತಂದು ಹುತ್ತರಿಯ ದಿನ ಅಂಗಳದಲ್ಲಿ ಜೀಪಿನ ಪಕ್ಕ ನಿಲ್ಲಿಸಿದ. ಅಮ್ಮ ಜೀಪಿನ ಹತ್ತಿರ ಬಂದರು, ಒಂದು ಗಳಿಗೆ ನಿಂತರು. “ಈ ಸಲ ಕೇಶವನ ಒಟ್ಟಿಗೆ ಬರ್ತೇನೆ ಮಗ” ಎಂದು ಬೈರಾಸು ಸಮೇತ ಆಚೆ ನಡೆದರು. ಗುಂಡಿ ಒತ್ತಿದರೆ ಹಬೆ ಹೋಗುವ ಗಾಡಿಯಲ್ಲಿ ಬೈರಾಸಿಗೆ ಎಂತ ಕೆಲಸ? ಘಾಟಿಯುದ್ದಕ್ಕೂ ಚೆನ್ನಕೇಶವ ಜೀಪಿನ ಬೆನ್ನಿಗೇ ಅಂಟಿಕೊಂಡು ಬಂದ. ಕನ್ನಡಿಯಲ್ಲಿ ಆ ದೀಪ ಕಂಡಾಗಲೆಲ್ಲ ಜಯಪ್ರಕಾಶ ಹಲ್ಲು ಕಡಿದ. ತೋರಿಸ್ಲಿಕ್ಕೆ ಬರ್ತಾನೆ ಬೇವರ್ಸಿ, ಅಮ್ಮ ತನ್ನ ಗಾಡಿಯಲ್ಲಿ ಇದ್ದಾರೆ ಅಂತ ತೋರಿಸ್ಲಿಕ್ಕೆ.

ಆ ಉರಿ ವರ್ಷವಿಡೀ ಆರಲಿಲ್ಲ. ತಮ್ಮ ಫೋನು ಮಾಡಿ ಅಮ್ಮನನ್ನು ಕೇಳಿದರೆ, ಅಮ್ಮ ಎದುರಿಗೇ ಕೂತು ಟೀವಿ ನೋಡುತ್ತಿದ್ದರೂ, “ಮಲಗಿದ್ದಾರೆ” ಎಂದು ಜಯಪ್ರಕಾಶ ಫೋನು ಇಟ್ಟುಬಿಡುತ್ತಿದ್ದ. ಪೇಟೆಯಲ್ಲಿ ಯಾವ ಬಿಳಿ ಗಾಡಿ ಹಾದುಹೋದರೂ ಅವನ ಮುಖ ಗಂಟಾಗುತ್ತಿತ್ತು. ಹುತ್ತರಿ ಹತ್ತಿರವಾದ ಹಾಗೆ ಅವನೂ ಹೆಂಡತಿಯನ್ನು ಕರೆದುಕೊಂಡು ಪುತ್ತೂರಿನ ಶೋರೂಮಿಗೆ ಹೊರಟ.

ಗಾಡಿ ತೋರಿಸುವ ಹುಡುಗಿ ಪ್ರೀತಿಕಾ ಪಾಪ, ಮಂಜಿಗೆ ಯಾವ ದೀಪ, ಏರಿನಲ್ಲಿ ಹಿಂದೆ ಜಾರದ ಹಾಗೆ ಎಂತ ಉಂಟು, ಹೊರಗೆ ಚಳಿ ಇದ್ದರೆ ಒಳಗೆ ಹೇಗೆ ಬೆಚ್ಚಗಾಗುತ್ತದೆ ಎಂದು ಒಂದೊಂದೇ ವಿವರಿಸಿದಳು. ಜಯಪ್ರಕಾಶ ಎಲ್ಲದಕ್ಕೂ ತಲೆಯಾಡಿಸಿದ. ತಮ್ಮನ ಗಾಡಿಯ ಹೆಸರು ಹೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ: “ಅದಕ್ಕಿಂತ ಇದು ಎತ್ತರವಾ?”

“ತುಂಬಾ ಎತ್ತರ ಸರ್.”

“ಹಾಗಾದ್ರೆ ಇದೇ ಆಯ್ತು. ಎಕ್ಸ್‌ಚೇಂಜಿಗೆ ನಮ್ಮ ಜೀಪು ತಗೊಳ್ತೀರಲ್ಲ?”

ಊರ್ಮಿಳಾ ಅವನನ್ನು ಆಚೆ ಎಳೆದಳು. “ಅತ್ತೆಯನ್ನು ಒಮ್ಮೆ ಕರ್ಕೊಂಡು ಬಂದು ಹತ್ತಿಸಿ ನೋಡುವ.”

“ಪೂಜೆ ಆಗದ ಗಾಡಿಯಲ್ಲಿ ಅಮ್ಮನನ್ನು ಕೂರಿಸುದುಂಟಾ? ಪೂಜೆ ಆಗ್ಬೇಕು, ಮತ್ತೆ ಎಲ್ಲರಿಗಿಂತ ಮೊದಲು ಅಮ್ಮ ಕೂರ್ಬೇಕು. ಕೇಶವ ನಿಂತು ನೋಡ್ಬೇಕು.”

“ನಿಮ್ಮ ಹತ್ರ ಮಾತಾಡ್ಲಿಕ್ಕುಂಟಾ” ಎಂದಳು ಊರ್ಮಿಳಾ.

ಹುತ್ತರಿಯ ಬೆಳಿಗ್ಗೆ ಅಂಗಳದಲ್ಲೇ ಪೂಜೆಯಾಯಿತು. ನಾಲ್ಕು ಚಕ್ರದಡಿ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾದವು. ಚೆನ್ನಕೇಶವನೂ ಬಂದು ನಿಂತಿದ್ದ. ಜಯಪ್ರಕಾಶ ಎದುರಿನ ಬಾಗಿಲು ತೆರೆದು, “ಕೂರಿ ಅಮ್ಮ” ಎಂದ.

ಅಮ್ಮ ಹಿಡಿಕೆ ಹಿಡಿದು ಒಂದು ಕಾಲು ಎತ್ತಿದರು. ಅದು ಮೆಟ್ಟಿಲಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಎತ್ತಿದರು. ಚೆನ್ನಕೇಶವ ಒಳಗಿಂದ ಮಣೆ ತಂದಿಟ್ಟ. ಮಣೆಯ ಮೇಲೆ ನಿಂತರೂ ಮೊಣಕಾಲು ಮಡಚಲಿಲ್ಲ. ಅಮ್ಮ ನೋವಿನಿಂದ ಮುಖ ಹಿಂಡಿದರು.

“ಆಗುದಿಲ್ಲ ಮಗ. ಹೋದ ವರ್ಷ ಜೀಪು ಹತ್ಲಿಕ್ಕೂ ಆಗ್ಲಿಲ್ಲ. ಕೇಶವನದ್ದು ತಗ್ಗು ಉಂಟು, ಕೂತು ಕಾಲು ಒಳಗೆ ತಂದ್ರೆ ಆಯ್ತು.”

ಜಯಪ್ರಕಾಶ ಅಮ್ಮನನ್ನು ಹಿಡಿದು ಮಣೆಯಿಂದ ಇಳಿಸಿದ. “ಒಂದು ಮಾತು ಹೇಳ್ಬಹುದಿತ್ತಲ್ಲ ಅಮ್ಮ” ಎಂದ.

“ಹೇಳಿದ್ರೆ ನೀನು ಜೀಪು ಕೊಟ್ಟುಬಿಡ್ತಿದ್ದೆ. ನಿನಗೆ ಅದೆಂದ್ರೆ ಪ್ರಾಣ.”

ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಮಣ್ಣಿನ ಮೇಲೆ ಎಣ್ಣೆಯ ಕಲೆ ಇನ್ನೂ ಇತ್ತು. ಜಯಪ್ರಕಾಶ ಅದನ್ನು ನೋಡಲಾರದೆ ಹೊಸ ಗಾಡಿಯ ಕಡೆ ತಿರುಗಿದ. ಅಮ್ಮ ಬಾಗಿಲಿನಿಂದ ಕೈ ಚಾಚಿ ಸೀಟಿನ ಮೇಲೆ ಅಂಗೈ ಊರಿದರು. “ನಾನು ಕೂತ ಹಾಗೇ ಆಯ್ತು. ಇನ್ನು ಹೊರಡಿ.”

ಆಗ ಚೆನ್ನಕೇಶವ ತನ್ನ ಕೀ ಚಾಚಿದ. “ಅಣ್ಣ, ನನ್ನ ಗಾಡಿಯನ್ನು ಇವತ್ತು ನೀನೇ ಬಿಡು, ಅಮ್ಮ ನಿನ್ನ ಒಟ್ಟಿಗೆ ಬರ್ಲಿ. ಆ ಮಂಜಲ್ಲಿ ನನಗೆ ದಾರಿಯೇ ಕಾಣುದಿಲ್ಲ ಮಾರಾಯ. ಹೋದ ವರ್ಷ ನಿನ್ನ ಜೀಪಿನ ಕೆಂಪು ಲೈಟು ನೋಡಿಕೊಂಡೇ ಹತ್ತಿಸಿದ್ದು. ಅದು ತಪ್ಪಿದ್ರೆ ಸತ್ತೆ ಅಂತ ಬಿಡದೆ ಹಿಂದೆಯೇ ಬಂದದ್ದು.”

ಜಯಪ್ರಕಾಶನಿಗೆ ತನ್ನ ಕಪಾಳಕ್ಕೆ ತಾನೇ ಎರಡು ಬಾರಿಸಿಕೊಳ್ಳುವ ಎನಿಸಿತು. ತಮ್ಮನ ಕೀ ತೆಗೆದುಕೊಂಡು ತನ್ನದನ್ನು ಅವನ ಕೈಗೆ ಹಾಕಿದ. ಊರ್ಮಿಳಾ ಆಗಲೇ ಹೊಸ ಗಾಡಿಯ ಎದುರಿನ ಸೀಟು ಹಿಡಿದು ಬಾಗಿಲು ಎಳೆದುಕೊಂಡಾಗಿತ್ತು. ಮದುವೆಯಾದಂದಿನಿಂದ ಘಾಟಿ ದಾರಿಗೆ ಅವಳಿಗೆ ಆ ಜಾಗ ಸಿಕ್ಕಿದ್ದು ಅದೇ ಮೊದಲು.

ಸಂಪಾಜೆ ದಾಟಿತು, ಮಂಜು ಮುಸುಕಿತು. ಗಾಜಿನಲ್ಲಿ ಹಬೆಯಿಲ್ಲದಿದ್ದರೂ ಅಮ್ಮ ಅಭ್ಯಾಸಬಲದಿಂದ ಬೈರಾಸಿನಲ್ಲಿ ಒಮ್ಮೆ ಒರೆಸಿದರು. ವರ್ಷವಿಡೀ ಹಂಬಲಿಸಿದ್ದು ಪಕ್ಕದಲ್ಲೇ ಕೂತಿತ್ತು. ಜಯಪ್ರಕಾಶ ಕನ್ನಡಿ ನೋಡಿದ. ಮಂಜನ್ನು ಸೀಳಿಕೊಂಡು ಅವನ ಹೊಸ ಗಾಡಿ ಬರುತ್ತಿತ್ತು, ಎತ್ತರಕ್ಕೆ, ಅಗಲಕ್ಕೆ, ದೀಪ ಉರಿಸಿಕೊಂಡು. ಎಷ್ಟು ಚಂದ ಕಾಣುತ್ತದೆ. ಅದರೊಳಗೆ ಕೇಶವ ಹೇಗೆ ಆರಾಮಾಗಿ ಕೂತಿರಬಹುದು. ಹೊಟ್ಟೆಯೊಳಗೆ ಹಳೆಯ ಉರಿ ಮೆಲ್ಲಗೆ ಮತ್ತೆ ಎದ್ದಿತು.

“ಕನ್ನಡಿ ನೋಡಿದ್ದು ಸಾಕು ಮಗ” ಎಂದರು ಅಮ್ಮ. “ಎದುರು ನೋಡಿ ಬಿಡು.”