ಕಾರ್ಮಿಕರೇ ಇಲ್ಲದ ಫೌಂಡ್ರಿ

೨೦೨೪ರ ಅಕ್ಟೋಬರ್ ೧೧, ಶುಕ್ರವಾರ, ಬೆಳಿಗ್ಗೆ ಹನ್ನೊಂದೂಕಾಲು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ನಾನು ಕೆಲಸಕ್ಕಿದ್ದ ಫೌಂಡ್ರಿಯಲ್ಲಿ ಆಯುಧಪೂಜೆಯ ಕುಂಬಳಕಾಯಿ ಒಡೆದ ಹೊತ್ತು. ನಮ್ಮ ಸಂಬಳ ಮುಳುಗಲು ಶುರುವಾದದ್ದೂ ಆಗಲೇ ಎಂದು ಈಗ ಡೈರಿ ತಿರುವಿದರೆ ತಿಳಿಯುತ್ತದೆ. ಅಂದು ಮಾತ್ರ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಪೂಜೆ ಮುಗಿದ ಮೇಲೆ ಮಾಲೀಕರು ಒಬ್ಬೊಬ್ಬರನ್ನೇ ಕರೆದು ಬೋನಸ್ಸಿನ ಕವರನ್ನೂ ಸಿಹಿಯ ಡಬ್ಬಿಯನ್ನೂ ಕೊಡುವುದು ಅಲ್ಲಿಯ ಪದ್ಧತಿ. ಆ ವರ್ಷ ಡಬ್ಬಿ ಚಿಕ್ಕದಾಗಿ ಕವರು ದೊಡ್ಡದಾಗಿತ್ತು. ಒಳಗೆ ದುಡ್ಡಿರಲಿಲ್ಲ, ಬಡ್ತಿ ಇತ್ತು. ಎಲ್ಲರಿಗೂ. ಎರಕವಾಗಿ ಬಂದ ಬಿಡಿಭಾಗಗಳ ಅಳತೆ ನೋಡುತ್ತಿದ್ದ ನಾನು ‘ಕ್ವಾಲಿಟಿ ಎಕ್ಸಿಕ್ಯೂಟಿವ್’ ಆದೆ. ಗೇಟಿನ ವಾಚ್‌ಮನ್ ‘ಸೆಕ್ಯುರಿಟಿ ಮ್ಯಾನೇಜರ್’ ಆದರು. ಅವರ ಕೈಕೆಳಗೆ ಒಂದು ಬೀದಿನಾಯಿ ಇತ್ತು. ಬೆಳಿಗ್ಗೆ ಕಾರ್ಮಿಕರಾಗಿ ಒಳಗೆ ಬಂದವರು ನಲವತ್ತೊಂದು ಜನ. ಮಧ್ಯಾಹ್ನ ಮನೆಗೆ ಹೊರಟಾಗ ಕಾರ್ಮಿಕರ ಸಂಖ್ಯೆ ಸೊನ್ನೆ.

“ಇನ್ಮೇಲೆ ಲೇಬರ್ ಅನ್ನೋ ಪದ ಯಾರ ಬಾಯಲ್ಲೂ ಬರಬಾರದು. ನಾವೆಲ್ಲ ಒಂದೇ ಫ್ಯಾಮಿಲಿ,” ಎಂದರು ಮಾಲೀಕರು.

ಫೋರ್ಕ್‌ಲಿಫ್ಟ್ ಓಡಿಸುವ ಭಾಯ್ ತಮ್ಮ ಪತ್ರವನ್ನು ನನ್ನಿಂದ ಓದಿಸಿಕೊಂಡರು. “ಯಾ ಅಲ್ಲಾ, ನಾನೂ ಎಕ್ಸಿಕ್ಯೂಟಿವ್ವಾ! ಹಂಗಾದ್ರೆ ನಾಳೆಯಿಂದ ಹಿಂದಿನ ಸೀಟಲ್ಲಿ ಕೂತ್ಕೋಬೇಕಲ್ಲ ಮಾರಾಯ್ತಿ. ಅದರಲ್ಲಿ ಹಿಂದಿನ ಸೀಟೇ ಇಲ್ಲ!”

ಎಲ್ಲರಿಗಿಂತ ಎತ್ತರಕ್ಕೆ ಏರಿದವರು ಮೌಲ್ಡಿಂಗ್ ಅಣ್ಣ. ಭದ್ರಾವತಿಯವರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಪ್ಪು ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕರಗಿದ ಕಬ್ಬಿಣ ಸುರಿಯಲು ಅಚ್ಚು ಕಟ್ಟಿದವರು. ಅವರ ಪತ್ರದಲ್ಲಿ ‘ಸೀನಿಯರ್ ಮ್ಯಾನೇಜರ್’ ಎಂದಿತ್ತು. ಮರುದಿನವೂ ಅವರು ಅದೇ ಮರಳಿನಲ್ಲೇ ಕೂತರು, ಆದರೆ ಅಂಗಿಯ ಜೇಬಿನಲ್ಲಿ ಕಂಪನಿ ಅಚ್ಚು ಹಾಕಿಸಿಕೊಟ್ಟ ವಿಸಿಟಿಂಗ್ ಕಾರ್ಡುಗಳಿದ್ದವು. ಆಗ ಮಗಳ ಮದುವೆಯ ಮಾತುಕತೆ ನಡೆದಿತ್ತು. ಹುಡುಗನ ತಂದೆಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಟೇಷನರಿ ಅಂಗಡಿ. ಕಾರ್ಡು ಮೊದಲು ಹೋದದ್ದು ಅಲ್ಲಿಗೆ. ಲಗ್ನಪತ್ರಿಕೆಯಲ್ಲೂ ಅಣ್ಣನ ಹೆಸರಿನ ಮುಂದೆ ಆ ಹುದ್ದೆ ಮೆರೆಯಿತು.

ಬಡ್ತಿಯ ಬೆಲೆ ಮುಂದಿನ ತಿಂಗಳೇ ತಿಳಿಯಿತು. ಸಂಬಳದಲ್ಲಿ ಹೆಚ್ಚುವರಿ ಗಂಟೆಗಳ ಓಟಿ ದುಡ್ಡೇ ಇರಲಿಲ್ಲ. ಕೇಳಲು ಹೋದವರನ್ನು ನೋಡಿ ಮಾಲೀಕರು ನಕ್ಕರು. “ಆಫೀಸರ್‌ಗಳಿಗೆ ಓಟಿ ಕೊಡೋದು ಎಲ್ಲಾದ್ರೂ ಕೇಳಿದೀರೇನ್ರೀ?”

ಜನವರಿಯಿಂದ ಸಂಬಳವೇ ನಿಂತಿತು. ‘ಬರೋ ಸೋಮವಾರ’ ಎಂದು ಮಾಲೀಕರು ಹೇಳಿದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ, ಹತ್ತೊಂಬತ್ತು ಗೆರೆಗಳಾದವು. ಅಷ್ಟರಲ್ಲಿ ಆಫೀಸಿನ ಏಸಿ ಹೋಯಿತು, ಕ್ಯಾಂಟೀನಿನ ಗ್ಯಾಸು ಹೋಯಿತು, ಕೊನೆಗೆ ಫರ್ನೇಸಿನ ಕರೆಂಟೂ ಹೋಯಿತು. ಹೋಗದೆ ಉಳಿದದ್ದು ನಮ್ಮ ಹುದ್ದೆಗಳು ಮಾತ್ರ.

“ಲೇಬರ್ ಆಫೀಸಿಗೆ ಒಂದು ಅರ್ಜಿ ಕೊಡೋಣ,” ಎಂದು ಭಾಯ್ ಒಂದು ದಿನ ಊಟದ ಹೊತ್ತಿಗೆ ಹೇಳಿದರು.

ಅಣ್ಣ ಬುತ್ತಿಯ ಮುಚ್ಚಳ ಹಾಕಿದರು. “ನೀನು ಹೋಗಪ್ಪ. ಲೇಬರ್ ಆಫೀಸಿಗೆ ಮ್ಯಾನೇಜರ್ ಹೋದ್ರೆ ನಗಲ್ವಾ?”

ಹಾಗೆ ನಲವತ್ತೊಂದು ಅಧಿಕಾರಿಗಳು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಂಟು ತಿಂಗಳು ಪುಕ್ಕಟೆ ದುಡಿದೆವು. ಮಾಲೀಕರ ಈ ಜಾಣತನಕ್ಕೆ ಯಾರಾದರೂ ಬಡ್ತಿ ಕೊಡಬೇಕಿತ್ತು.

ಆಗಸ್ಟ್ ಕೊನೆಯಲ್ಲಿ ಗೇಟಿಗೆ ನೋಟೀಸು ಬಿತ್ತು. ಸಾಲ ಕೊಟ್ಟ ಬ್ಯಾಂಕು ಕೋರ್ಟಿಗೆ ಹೋಗಿತ್ತು. ಕಂಪನಿಯನ್ನು ನೋಡಿಕೊಳ್ಳಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿತ್ತು. ಬಾಕಿ ಇರುವವರೆಲ್ಲ ಅರ್ಜಿ ಕೊಡಬೇಕಿತ್ತು. ನಿಗದಿಯಾದ ದಿನ ಫೌಂಡ್ರಿಯ ಅಂಗಳದಲ್ಲಿ ಎರಡು ಮೇಜು ಹಾಕಿದ್ದರು. ಒಂದಕ್ಕೆ ‘ಕಾರ್ಮಿಕರು’ ಎಂಬ ಚೀಟಿ, ಅದು ಬಿಸಿಲಲ್ಲಿತ್ತು. ಇನ್ನೊಂದಕ್ಕೆ ‘ಸಿಬ್ಬಂದಿ’ ಎಂಬ ಚೀಟಿ. ಅದು ಶೆಡ್ಡಿನ ಕೆಳಗಿತ್ತು, ಎದುರಿಗೆ ಕುರ್ಚಿಗಳೂ ಒಂದು ಫ್ಯಾನೂ ಇದ್ದವು. ನಾವು ಯಾರ ಸಲಹೆಗೂ ಕಾಯದೆ ಸೀದಾ ಹೋಗಿ ಕುರ್ಚಿಗಳಲ್ಲಿ ಕೂತೆವು. ಕಾರ್ಮಿಕರ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅಧಿಕಾರಿಯ ಸಹಾಯಕ, ನನ್ನದೇ ವಯಸ್ಸಿನ ಹುಡುಗ, ಸುತ್ತ ನೋಡಿ ದಂಗಾದ. “ಫೌಂಡ್ರಿ ತಾನೇ ಇದು? ಕಬ್ಬಿಣ ಯಾರು ಕಾಯಿಸ್ತಿದ್ರು?”

“ಮ್ಯಾನೇಜರ್‌ಗಳೇ ಸಾರ್,” ಎಂದರು ಭಾಯ್.

ಅವನು ತಲೆ ಚಚ್ಚಿಕೊಂಡು ಎಲ್ಲರಿಗೂ ಕೇಳುವಂತೆ ವಿವರಿಸಿದ. ಕಂಪನಿ ಉಳಿಯದೆ ಮಾರಾಟವಾದರೆ ಬಂದ ದುಡ್ಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ಈ ಪ್ರಕ್ರಿಯೆಯದೇ ಖರ್ಚು. ಆಮೇಲಿನ ಮೆಟ್ಟಿಲಲ್ಲಿ ಕಾರ್ಮಿಕರ ಎರಡು ವರ್ಷದವರೆಗಿನ ಬಾಕಿ, ಆಸ್ತಿ ಅಡವು ಇಟ್ಟುಕೊಂಡ ಬ್ಯಾಂಕಿನ ಜೊತೆ ಸರಿಸಮ. ಕಾರ್ಮಿಕರಲ್ಲದ ನೌಕರರಿಗೆ ಒಂದು ವರ್ಷದ ಬಾಕಿ, ಅದೂ ಒಂದು ಮೆಟ್ಟಿಲು ಕೆಳಗೆ. ಮೇಲಿನ ಮೆಟ್ಟಿಲಲ್ಲಿ ಬ್ಯಾಂಕು ಇರುವಾಗ ಕೆಳಕ್ಕೆ ಏನು ಇಳಿದೀತು ಎಂಬುದನ್ನು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ಕಾರ್ಡಲ್ಲಿ ಏನಿದೆ ಅನ್ನೋದು ಮುಖ್ಯ ಅಲ್ಲ. ದಿನಾ ಏನು ಕೆಲಸ ಮಾಡ್ತಿದ್ರಿ ಅನ್ನೋದು ಮುಖ್ಯ. ಆದ್ರೆ ನೀವೇ ಮ್ಯಾನೇಜರ್ ಅಂತ ಬರೆದು ಸಹಿ ಹಾಕಿದ್ರೆ ನಾನೇನ್ ಮಾಡ್ಲಿ?”

ಭಾಯ್ ಎದ್ದು ನಿಂತರು. “ಚಲೋ ಚಲೋ, ಡಿಮೋಷನ್ ಫ್ರೀಯಾಗಿ ಕೊಡ್ತಿದಾರೆ!”

ಕುರ್ಚಿಗಳು ಕರಕರ ಸರಿದವು. ಸೆಕ್ಯುರಿಟಿ ಮ್ಯಾನೇಜರ್ ಎಲ್ಲರಿಗಿಂತ ಮೊದಲು ಓಡಿದರು. ಅವರು ಅಷ್ಟು ಚುರುಕಾಗಿದ್ದುದನ್ನು ನಾನು ಡ್ಯೂಟಿಯಲ್ಲಿ ಕಂಡಿರಲಿಲ್ಲ. ನಾನೂ ಎಕ್ಸಿಕ್ಯೂಟಿವ್‌ಗಿರಿ ಬಿಟ್ಟು ಬಿಸಿಲಿಗೆ ಇಳಿದೆ. ತಿರುಗಿ ನೋಡಿದರೆ ಶೆಡ್ಡಿನಲ್ಲಿ ಅಣ್ಣ ಇನ್ನೂ ಕೂತಿದ್ದರು. ಪಕ್ಕದಲ್ಲಿ ಅವರ ಬೀಗರು, ಮಡಿಲಲ್ಲಿ ಫೈಲು. ಅರ್ಜಿ ತುಂಬಿಸಲು ನೆರವಾಗುತ್ತೇನೆಂದು ಬೀಗರೇ ಅಣ್ಣನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಸಹಾಯಕ ವಿವರಿಸುವಾಗ ಅವರು ಫೋನಿನಲ್ಲಿ ಅಂಗಡಿಯ ಹುಡುಗನಿಗೆ ಬೈಯುತ್ತಿದ್ದರು.

ನಾನು ವಾಪಸ್ ಹೋಗಿ ಮೆಲ್ಲಗೆ, “ಅಣ್ಣ, ಬನ್ನಿ ಆ ಕಡೆ,” ಎಂದೆ.

“ಆಮೇಲೆ ಮಾತಾಡೋಣ ತಾಯಿ.”

ಬೀಗರು ಫೋನು ಇಟ್ಟು ಬಿಸಿಲಿನ ಸಾಲನ್ನು ನೋಡಿದರು. “ಅದು ಲೇಬರ್ ಲೈನಾ ಬೀಗರೇ? ಪಾಪ, ಒಂದು ಶಾಮಿಯಾನ ಆದ್ರೂ ಹಾಕಿಸ್ಬಾರ್ದಿತ್ತಾ?”

“ಹೂಂ ಬೀಗರೇ. ನಮ್ ಕೈಕೆಳಗಿನ ಹುಡುಗ್ರು,” ಎಂದ ಅಣ್ಣ, ಎಂಟು ತಿಂಗಳ ಸಂಬಳದ ಅರ್ಜಿಯಲ್ಲಿ ಸೀನಿಯರ್ ಮ್ಯಾನೇಜರ್ ಎಂದು ಬರೆದು ಸಹಿ ಹಾಕಿದರು.

ಆ ಭಾನುವಾರ ಭದ್ರಾವತಿಗೆ ಅವರ ಮನೆಗೆ ಹೋದೆ. ನಾನು ವಿಷಯ ಎತ್ತುವ ಮೊದಲೇ ಅಣ್ಣನ ಹೆಂಡತಿಗೆ, ನಾನು ಅಕ್ಕ ಎನ್ನುವವರಿಗೆ, ಎಲ್ಲ ಗೊತ್ತಾಗಿತ್ತು. ಭಾಯ್ ಹೆಂಡತಿ ಫೋನು ಮಾಡಿದ್ದರಂತೆ.

“ಬಾಮ್ಮ, ಮ್ಯಾನೇಜರ್ ಸಾಹೇಬ್ರು ಒಳಗಿದಾರೆ,” ಎಂದರು ಅಕ್ಕ. “ಗ್ಯಾಸ್ ಸಿಲಿಂಡರ್ ಬಂದಿತ್ತು, ದುಡ್ಡಿಲ್ದೆ ವಾಪಸ್ ಕಳಿಸಿದೀನಿ. ಸಾಹೇಬ್ರದ್ದೊಂದು ವಿಸಿಟಿಂಗ್ ಕಾರ್ಡ್ ಕೊಟ್ಟಿದ್ರೆ ಇಟ್ಟು ಹೋಗ್ತಿದ್ನೋ ಏನೋ.”

“ಸುಮ್ನಿರೇ,” ಎಂದರು ಒಳಗಿಂದ ಅಣ್ಣ. “ನಾಳೆ ಮಗಳಿಗೆ ಅಲ್ಲಿ ಒಂದು ಮಾತು ಅಂದ್ರೆ? ನಿಮ್ಮಪ್ಪ ಸುಳ್ಳು ಹೇಳಿ ಹೆಣ್ಣು ಕೊಟ್ರು ಅಂತ?”

“ಸುಳ್ಳು ಹೇಳಿದ್ದು ನಿಮ್ಮ ಓನರ್ರು. ನೀವು ಬರೀ ನಂಬಿದ್ರಿ. ಬೇಳೆಗೂ ಸಾಲ ಮಾಡಿರೋದು ಬೀಗರಿಗೆ ಗೊತ್ತಾದ್ರೆ ಆವಾಗ ಮರ್ಯಾದೆ ಇರತ್ತಾ?”

ಅಣ್ಣ ಹೊರಗೆ ಬಂದು, “ತಿದ್ದಿ ಬರೆಯಕ್ಕೆ ಆಗತ್ತಾ?” ಎಂದು ಕೇಳಿದರು.

ಅರ್ಜಿ ತಿದ್ದಬಹುದಿತ್ತು. ಆದರೆ ಮೊದಲು ತಾವೇ ಬರೆದುಕೊಟ್ಟದ್ದು ತಪ್ಪು ಎಂಬುದಕ್ಕೆ ಆಧಾರ ಕೊಡಿ ಎಂದ ಸಹಾಯಕ. ನಾನೂ ಅಣ್ಣನೂ ಶಿವಮೊಗ್ಗದಲ್ಲಿ ಮಾಲೀಕರ ಮನೆಗೆ ಹೋದೆವು. ಇವರು ಅಚ್ಚು ಕಟ್ಟುವ ಕೆಲಸವನ್ನೇ ಮಾಡುತ್ತಿದ್ದರು ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕಿತ್ತು. ಮಾಲೀಕರು ಕಾಫಿ ಕೊಟ್ಟರು. ಸಾಲು ಕೊಡಲಿಲ್ಲ.

“ನಾನೊಂದ್ಸಲ ಕೊಟ್ಟ ಗೌರವಾನ ವಾಪಸ್ ತಗೊಳ್ಳೋನಲ್ಲ,” ಎಂದರು.

ಕೊಟ್ಟದ್ದರಲ್ಲಿ ಅವರು ವಾಪಸ್ ತೆಗೆದುಕೊಳ್ಳದೆ ಬಿಟ್ಟದ್ದು ಅದೊಂದನ್ನೇ. ಗೇಟಿನಾಚೆ ಬಂದ ಮೇಲೆ ಅಣ್ಣ ಹೇಳಿದರು: “ನಂಗೆ ಇವತ್ತು ಗೊತ್ತಾಯ್ತಮ್ಮ, ಅವತ್ತು ಕವರಲ್ಲಿ ಏನು ಕೊಟ್ರು ಅಂತ.”

ಅಣ್ಣ ಮರಳಿನಲ್ಲಿ ಕೂತು ಅಚ್ಚು ಕಟ್ಟುತ್ತಿದ್ದುದನ್ನು ದಿನಾ ನೋಡಿದ್ದೇವೆ, ಅವರ ಕೈಕೆಳಗೆ ಯಾರೂ ಇರಲಿಲ್ಲ, ಅವರು ಯಾರಿಗೂ ರಜೆ ಮಂಜೂರು ಮಾಡಿದವರಲ್ಲ ಎಂದು ನಾವು ನಲವತ್ತು ಜನ ಬರೆದು ಸಹಿ ಹಾಕಿ ಕೊಟ್ಟೆವು. ನಮ್ಮ ಅರ್ಜಿಗಳು ಕಾರ್ಮಿಕರ ಪಟ್ಟಿಗೆ ಸೇರಿವೆ. ದುಡ್ಡು ಇನ್ನೂ ಯಾರ ಕೈಗೂ ಬಂದಿಲ್ಲ, ಆದರೆ ನಿಲ್ಲಲು ಒಂದು ಮೆಟ್ಟಿಲು ಸಿಕ್ಕಿದೆ. ಅಣ್ಣನದು ಮಾತ್ರ ‘ಪರಿಶೀಲನೆಯಲ್ಲಿದೆ’. ಅವರೀಗ ಬೇರೊಂದು ಫೌಂಡ್ರಿಯಲ್ಲಿ ದಿನಗೂಲಿಗೆ ಹೋಗುತ್ತಾರೆ. ಯಾರ ಹೆಸರೂ ಹಾಕಬಾರದು ಎಂಬ ಷರತ್ತಿನ ಮೇಲೆ ಇದನ್ನು ಬರೆಯಲು ಒಪ್ಪಿದರು. ಬೀಗರಿಗೆ ಇನ್ನೂ ಹೇಳಿಲ್ಲ.

ಕಾಗದದಲ್ಲಿ ಮ್ಯಾನೇಜರ್ ಆಗಿ, ಕೆಲಸದಲ್ಲಿ ಕಾರ್ಮಿಕರಾಗಿಯೇ ಇದ್ದು, ತಾವೇ ತಪ್ಪಾಗಿ ಸಹಿ ಹಾಕಿದ ಮೇಲೂ ಕಾರ್ಮಿಕರ ಪಟ್ಟಿಗೆ ಸೇರಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಯಾವ ಆಧಾರ ಕೊಟ್ಟಿರಿ, ಅಧಿಕಾರಿ ಒಪ್ಪದಿದ್ದರೆ ಮುಂದೆ ಎಲ್ಲಿಗೆ ಹೋದಿರಿ, ಎಷ್ಟು ದಿನದೊಳಗೆ ಹೋಗಬೇಕಾಯಿತು? ಇದನ್ನು ಬಲ್ಲ ಕಾರ್ಮಿಕರು, ವಕೀಲರು, ಯಾರೇ ಆಗಲಿ, ದಯವಿಟ್ಟು ಬರೆದು ತಿಳಿಸಿ. ಪರಿಶೀಲನೆ ಮುಗಿಯುವ ಮೊದಲೇ ತಿಳಿಸಿದರೆ ಅಣ್ಣನಿಗೆ ಉಪಯೋಗವಾಗುತ್ತದೆ.