ದೊನ್ನೆಯಲ್ಲಿ ಆರು ಸೂಜಿ

ಆಗಸ್ಟ್ ೧೭, ಬೆಳಿಗ್ಗೆ ೭.೧೦. ಶ್ರೀರಂಗಪಟ್ಟಣ.

ಅಮ್ಮ ದೇವಸ್ಥಾನದಿಂದ ತಂದ ಸಿಹಿಪೊಂಗಲ್ ಈಗಷ್ಟೇ ಮುಗಿಸಿದೆ. ಖಾಲಿ ದೊನ್ನೆಯಲ್ಲಿ ತುಪ್ಪದ ಜೊತೆ ಒಣಗಿದ ಮುತ್ತುಗದ ಎಲೆಯ ವಾಸನೆ... ಪಾಂಡವಪುರದ ಕಾಲೇಜಿನ ನಮ್ಮ ಫಿಸಿಕ್ಸ್ ಮೇಷ್ಟ್ರು ಕಣ್ಮುಂದೆ ಬಂದರು.

ಡಿಗ್ರಿಯ ಕೊನೇ ವರ್ಷ ನಾನು ಸೆಮಿನಾರಿಗೆ ಆರಿಸಿಕೊಂಡದ್ದು ಅತಿವಾಹಕದ ಚಿಕ್ಕ ಚೂರುಗಳಲ್ಲಿ ಏಳುವ ಸುಳಿಗಳನ್ನು. ಚೆನ್ನಾಗಿ ತಣಿಸಿದರೆ ತಡೆಯಿಲ್ಲದೆ ವಿದ್ಯುತ್ತು ಹರಿಯಬಿಡುವ ವಸ್ತುವೇ ಅತಿವಾಹಕ; ಹತ್ತಿರ ಕಾಂತ ತಂದರೆ ಅದರೊಳಕ್ಕೆ ಕಾಂತಶಕ್ತಿ ತೆಳ್ಳನೆಯ ಎಳೆಗಳಾಗಿ ನುಗ್ಗುತ್ತದೆ. ಪ್ರತಿ ಎಳೆಯ ಸುತ್ತ ವಿದ್ಯುತ್ತು ಸುಳಿಯಂತೆ ತಿರುಗುತ್ತದೆ. ಸುಳಿಗೆ ಸುಳಿ ಆಗುವುದಿಲ್ಲ, ಒಂದನ್ನೊಂದು ದೂರ ತಳ್ಳುತ್ತವೆ. ಇಷ್ಟನ್ನೂ ಉರು ಹೊಡೆದಿದ್ದೆ, ಅರ್ಥವಾಗಿರಲಿಲ್ಲ. ಮೈಸೂರಿನಿಂದ ಬರುವ ಪರೀಕ್ಷಕರು ಒಪ್ಪದಿದ್ದರೆ ಎಂ.ಎಸ್ಸಿ.ಗೆ ಬೇಕಿದ್ದ ಅಂಕ ಕೈತಪ್ಪುತ್ತಿತ್ತು.

"ಬಾಯಲ್ಲಿ ಯೋಳ್ಬೇಡ ಕಣವ್ವ, ತೇಲ್ಸಿ ತೋರ್ಸು," ಅಂದರು ಮೇಷ್ಟ್ರು. ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿದ ಸೂಜಿಗಳನ್ನು ಬೆಂಡಿನ ಚೂರುಗಳಿಗೆ ಚುಚ್ಚಿ ನೀರಲ್ಲಿ ಬಿಟ್ಟು, ಮೇಲೆ ಹಳೇ ಸ್ಪೀಕರಿನ ಕಾಂತ ಹಿಡಿದರೆ, ಅವು ಸುಳಿಗಳ ಹಾಗೇ ಅಂತರ ಕಾಯ್ದು ನಿಲ್ಲುತ್ತವೆ.

ಸೆಮಿನಾರಿನ ದಿನ ಮೇಷ್ಟ್ರು ಪ್ಲಾಸ್ಟಿಕ್ ಬೇಸಿನ್ನನ್ನು ಕ್ಯಾತನಹಳ್ಳಿ ಬಸ್ಸಿನಲ್ಲೇ ಮರೆತು ಬಂದಿದ್ದರು. ಕ್ಯಾಂಟೀನಿನಿಂದ ಬೋಂಡ ಕರಿಯುವ ಬಾಣಲೆ ಹೊತ್ತು ತಂದರು. ಅದು ಕಬ್ಬಿಣದ್ದು. ಸೂಜಿಗಳೆಲ್ಲ ಓಡಿಹೋಗಿ ಅಂಚಿಗೆ ಅಂಟಿಕೊಂಡವು.

"ನಿಮ್ಮ ಸುಳಿಗಳು ಬೋಂಡ ಹುಡುಕಿಕೊಂಡು ಹೋದ ಹಾಗಿದೆಯಲ್ಲಮ್ಮ," ಅಂದರು ಪರೀಕ್ಷಕರು.

ಅಂಟಿಕೊಂಡ ಆ ಸೂಜಿಗಳನ್ನು ನೋಡುತ್ತಿದ್ದ ಹಾಗೆ ಉರು ಹೊಡೆದಿದ್ದ ಒಂದು ಸಾಲು ತಟ್ಟನೆ ಅರ್ಥವಾಯಿತು. "ಸರ್, ಚೂರಿನಲ್ಲಿ ಎಲ್ಲಾದರೂ ಊನ ಇದ್ದರೆ ಸುಳಿಗಳು ಹೀಗೇ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಊನ ಇಲ್ಲದ್ದನ್ನೂ ತೋರಿಸುತ್ತೇನೆ," ಅಂದೆ.

ಮೇಷ್ಟ್ರು ಆಗಲೇ ಕ್ಯಾಂಟೀನಿಗೆ ಓಡಿ ದೊನ್ನೆ ತಂದಿದ್ದರು. "ನಿನ್ ಚೂರೂ ಚಿಕ್ಕದೇ ತಾನೇ, ಬುಡು."

ಐದು ಸೂಜಿ ಬಿಟ್ಟೆ, ಉಂಗುರವಾಗಿ ನಿಂತವು. ಆರನೆಯದನ್ನು ಬಿಟ್ಟದ್ದೇ ಒಂದು ನಡುವಿಗೆ ಸರಿಯಿತು, ಐದು ಸುತ್ತ. ದೊಡ್ಡ ಚೂರಿನಲ್ಲಿ ಸಾಲುಗಟ್ಟುವ ಸುಳಿಗಳು ಚಿಕ್ಕದರಲ್ಲಿ ಹೀಗೆ ಕೂರುತ್ತವೆ. ಇಲ್ಲಿ ಮೇಲಿನ ಕಾಂತ ಎಲ್ಲವನ್ನೂ ನಡುವಿಗೆ ಎಳೆದು ಹಿಡಿಯುತ್ತದೆ; ಅತಿವಾಹಕದಲ್ಲಿ ಆ ಕೆಲಸವನ್ನು ಚೂರಿನ ಅಂಚು ಮಾಡುತ್ತದೆ. ಪರೀಕ್ಷಕರು ದೊನ್ನೆಯ ಮೇಲೆ ಬಗ್ಗಿದರು.

"ಏಳನೆಯದು?"

"ಅದು ನಮ್ಮನೆಯೋರ್ ತಾವ ಅದೆ ಸಾರ್, ರವಿಕೆ ವಲೀತಾವ್ರೆ," ಅಂದರು ಮೇಷ್ಟ್ರು.

ಅಂಕ ಬಂತು. ಆ ದಿನದ ಡೈರಿಯಲ್ಲಿ ಬರೆದಿದ್ದೇನೆ: ಸೂಜಿ ಆರು, ಬೋಂಡ ಒಂಬತ್ತು, ಅದರಲ್ಲಿ ನಾಲ್ಕು ಪರೀಕ್ಷಕರವು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಈಗ ದೊನ್ನೆ ತೊಳೆದು, ನೀರು ತುಂಬಿ, ಏಳು ಸೂಜಿ ಬಿಟ್ಟು ಮೇಲೆ ಕಾಂತ ಹಿಡಿದಿದ್ದೇನೆ. ನಡುವೆ ಒಂದು, ಸುತ್ತ ಆರು. ಕರೆದು ತೋರಿಸಲು ಅವರಿಲ್ಲ...

ನಿವೃತ್ತಿಯಾದ ಮೇಲೆ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಶಾಲೆಗಳಲ್ಲೂ ಅವರು ಸೂಜಿ ತೇಲಿಸುತ್ತಿದ್ದರಂತೆ. ಅಲ್ಲಿ ಎಷ್ಟನೆಯ ಸೂಜಿಯವರೆಗೆ ಹೋಗಿದ್ದರು? ನೋಡಿದವರಿದ್ದರೆ ದಯವಿಟ್ಟು ನನಗೆ ಬರೆಯಿರಿ.